ಗ್ಯಾಂಟ್ಸ್ ಯಾಕೋ ಮುಂದಕ್ಕೇ ಹೋಗ್ತಿಲ್ಲ

12-07-2024, ಶುಕ್ರವಾರ ರಾತ್ರಿ

ಗ್ಯಾಂಟ್ಸ್ ಅನ್ನೋ ಜಪಾನಿ ಕಾಮಿಕ್ಸ್ (ಮಾಂಗಾ) ಓದ್ತಿದೀನಲ್ಲ, ಅದ್ರ 30ನೇ ವಾಲ್ಯೂಮ್ ಮುಗೀತು. ಇರೋದು 37, ಅಂದ್ರೆ ಇನ್ನೂ ಏಳು. ಓದ್ಲೋ ಬೇಡ್ವೋ ಗೊತ್ತಾಗ್ತಿಲ್ಲ.

ಶುರುವಲ್ಲಿ ಹೆಂಗಿತ್ತು ಮಾರಾಯ್ರೇ! ಹಳಿ ಮೇಲೆ ಬಿದ್ದಿದ್ದ ಕುಡುಕನ್ನ ಎತ್ತೋಕೆ ಹೋಗಿ ಕುರೋನೊ, ಕಾಟೋ ಅನ್ನೋ ಇಬ್ರು ಹುಡುಗ್ರೂ ರೈಲಿಗೆ ಸಿಕ್ಕಿ ಸಾಯ್ತಾರೆ, ನೋಡಿದ್ರೆ ಯಾವ್ದೋ ಖಾಲಿ ಫ್ಲ್ಯಾಟಲ್ಲಿ ನಿಂತಿದಾರೆ, ಕಿಟಕಿಯಾಚೆ ಟೋಕಿಯೋ ಟವರ್, ರೂಮಲ್ಲಿ ಚೆಂಡಿನ ಥರ ದೊಡ್ಡದೊಂದು ಕಪ್ಪು ಗುಂಡು, ಅದರೊಳಗಿಂದ ರೇಡಿಯೋ ವ್ಯಾಯಾಮದ ಹಾಡು ಬೇರೆ. ಆಮೇಲೆ ಹೋಗಿ ಈರುಳ್ಳಿ ಸೊಪ್ಪು ತಿನ್ನೋ ಏಲಿಯನ್ನ ಕೊಂದು ಬನ್ನಿ ಅಂತ ಆರ್ಡರು. ಯಾಕೆ, ಯಾರು ಹೇಳಿದ್ದು, ಏನೂ ಇಲ್ಲ. ಆ ಹೇಳ್ದೇ ಇರೋದೇ ಓಡಿಸ್ತಿತ್ತು ನನ್ನ.

ಈಗ ನೋಡಿ, ದೈತ್ಯ ಏಲಿಯನ್‌ಗಳು ಇಡೀ ಭೂಮಿಗೇ ಇಳಿದಿದಾರೆ, ಊರಿಗೂರೇ ಪುಡಿ, ನಾನು ಆಕಳಿಸ್ತಾ ಇದೀನಿ.

ಪುಟ್ಟುಗೆ ಫೋನ್ ಮಾಡಿ ಇದನ್ನೇ ಗೋಳಾಡ್ದೆ. ಅವ್ನು "ಅಕ್ಕಾ, ತಪ್ಪು ಆ ನೂರು ಪಾಯಿಂಟಿಂದು" ಅಂದ. ಏಲಿಯನ್‌ಗಳನ್ನ ಕೊಂದ್ರೆ ಆ ಗುಂಡು ಪಾಯಿಂಟ್ ಕೊಡುತ್ತೆ, ನೂರು ಆದ್ರೆ ಮೂರು ಆಯ್ಕೆ ಅಲ್ವಾ, ನೆನಪೆಲ್ಲ ಅಳಿಸ್ಕೊಂಡು ಮನೆಗೆ ಹೋಗು, ದೊಡ್ಡ ಆಯುಧ ತಗೋ, ಇಲ್ಲಾ ಸತ್ತವ್ರಲ್ಲಿ ಒಬ್ರನ್ನ ವಾಪಸ್ ಕರ್ಕೋ. "ಮೂರನೇದು ಇರೋವಾಗ ಯಾರು ಸತ್ರೂ ನಿಂಗ್ಯಾಕೆ ಅಳು ಬರುತ್ತೆ?"

ಹೌದಲ್ಲ. ದೇವಸ್ಥಾನದ ಮಿಷನ್ನಲ್ಲಿ ಆ ಸಾವಿರ ಕೈ ವಿಗ್ರಹ ಎಲ್ರನ್ನೂ ಕತ್ತರಿಸಿ ಹಾಕ್ದಾಗ, ಕಾಟೋ ಹೋದಾಗ, ನಂಗೆ ಊಟ ಸೇರಿರ್ಲಿಲ್ಲ. ಆಮೇಲೆ ಅವ್ನು ವಾಪಸ್ ಬಂದ. ಅದೂ ಸರಿ ಅನ್ಕೊಂಡ್ರೆ, ಕುರೋನೊ ಬದುಕಿರೋವಾಗ್ಲೇ ಅವ್ನ ಟೀಮಿನ ರೇಯ್ಕಾ ಇನ್ನೊಬ್ಬ ಕುರೋನೊನ ಮಾಡಿಸ್ಕೋತಾಳೆ! ಅಲ್ಲಿಗೆ ನನ್ನ ಭಯ ಪೂರ್ತಿ ಹೋಯ್ತು.

ಆದ್ರೆ ಒಸಾಕಾ ಭಾಗದಲ್ಲಿ ಇದೇ ರೂಲ್ಸ್ ಇದ್ವಲ್ಲ? ಆ ನುರಾರಿಹ್ಯೋನ್ ಅನ್ನೋ ಏಲಿಯನ್ ಮುಂದೆ, ಏಳು ಸಲ ನೂರು ಪಾಯಿಂಟ್ ಮಾಡಿದ್ದ ಒಸಾಕಾ ಟೀಮಿನ ಓಕಾನೇ ಉಳೀಲಿಲ್ಲ, ನಾನು ಉಸಿರು ಬಿಗಿಹಿಡಿದು ಓದಿದ್ದೆ. ಅಂದೆ. ಅವ್ನು "ಅಲ್ಲಿ ಕೊನೆಗೆ ಎದುರಿಗಿದ್ದಿದ್ದು ಒಂದೇ ಒಂದು ಪ್ರಾಣಿ ಕಣಕ್ಕಾ, ಇಲ್ಲಿ ಇಡೀ ಸೈನ್ಯ, ಯಾರನ್ನ ಅಂತ ನೋಡ್ತೀಯ" ಅಂದ. ಪಾಪಿ, ಎಂಜಿನಿಯರಿಂಗ್ ಬಿಟ್ಟು ಇದನ್ನೇ ಓದಿರ್ಬೇಕು.

ದೋಸೆ ಹಿಟ್ಟು ಉಕ್ಕಿ ಫ್ರಿಜ್ಜೆಲ್ಲ ಆಗಿದೆ, ಯಾರೂ ಒರೆಸಿಲ್ಲ, ನಾನೇ ಒರೆಸ್ಬೇಕು.

ಇನ್ನೊಂದು. ಇದು ಯಂಗ್ ಜಂಪ್ ವಾರಪತ್ರಿಕೇಲಿ 2000ದಿಂದ 2013ರವರೆಗೆ ಬಂದಿದ್ದಂತೆ. ವಾರಕ್ಕೊಂದು ಕಂತು, ಅದ್ರಲ್ಲಿ ಒಂದು ಎರಡು ಪುಟದಗಲ ಬರೀ ಸ್ಪೇಸ್‌ಶಿಪ್. ಇದನ್ನ ಬರೆದ ಹಿರೋಯಾ ಒಕು ಕಂಪ್ಯೂಟರಲ್ಲಿ ಬಿಲ್ಡಿಂಗ್ ಎಲ್ಲ ಮಾಡಿ ಹಾಕ್ತಾನೆ, ಚೆಂದಾನೇ ಇರುತ್ತೆ, ಕಣ್ಣು ತುಂಬುತ್ತೆ. ಆದ್ರೆ ಹದಿನೈದು ನಿಮಿಷಕ್ಕೆ ಒಂದು ವಾಲ್ಯೂಮ್ ಮುಗ್ದು ಹೋಗುತ್ತೆ, ಕಥೆ ಅಲ್ಲೇ ನಿಂತಿರುತ್ತೆ. ವಾರ ವಾರ ಕಾದು ಓದಿದೋರಿಗೆ ಇದು ಇನ್ನೂ ಕಿರಿಕಿರಿ ಆಗಿರ್ಬೇಕು, ಅಥವಾ ಕಾಯೋದ್ರಲ್ಲೇ ಒಂಥರಾ ಮಜಾ ಇತ್ತೇನೋ.

ತನ್ನ ಗೆಳತಿ, ಆ ತಾಯೆ ಅನ್ನೋ ಹುಡ್ಗಿನ ಹುಡುಕ್ಕೊಂಡು ಕುರೋನೊ ಅಲೀತಿದಾನಲ್ಲ, ಅದೊಂದೇ ಈಗ ನನ್ನ ಹಿಡ್ಕೊಂಡಿರೋದು. ಅವ್ಳಿಗೆ ಬೇಟೆಗಾರರ ಆ ಕಪ್ಪು ಸೂಟ್ ಇಲ್ಲ, ಪಾಯಿಂಟ್ ಇಲ್ಲ, ಒಂದ್ಸಲ ಸತ್ತು ವಾಪಸ್ ಬಂದವ್ಳು, ಈ ಸಲ ಸತ್ರೆ ಸತ್ತಂಗೇನಾ? ಅಥವಾ ಅವ್ಳನ್ನ ಮತ್ತೆ ಆ ಕಪ್ಪು ಗುಂಡಿಂದ ವಾಪಸ್ ಕರ್ಸ್ಕೊಳ್ಬಹುದು ಅಂತ ಆದ್ರೆ ಮಾತ್ರ ನಾನು…