ಸ್ಯಾನ್ ಫ್ರಾನ್ಸಿಸ್ಕೊಗೂ ಬಂದಿತ್ತು ಪ್ಲೇಗು

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದು, ಆಮೇಲೆ ಜನ ಬಸವನಗುಡಿ, ಮಲ್ಲೇಶ್ವರದ ಕಡೆ ಹೋಗಿ ನೆಲೆಸಿದ್ದು ನಮ್ಮಲ್ಲಿ ಹಲವರಿಗೆ ಗೊತ್ತು. ನಾನೀಗ ಇರುವ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದೇ ಮಾರಿ ಎರಡು ವರ್ಷದ ನಂತರ ಕಾಣಿಸಿಕೊಂಡಿತು. ಇಲ್ಲಿನವರಿಗೇ ಈ ಕಥೆ ಅಷ್ಟು ನೆನಪಿಲ್ಲ.

1900ರ ಮಾರ್ಚ್‌ನಲ್ಲಿ ಚೈನಾಟೌನ್‌ನ ಹೋಟೆಲೊಂದರ ನೆಲಮಾಳಿಗೆಯಲ್ಲಿ ಒಬ್ಬ ಚೀನೀಯ ಸತ್ತ. ತೊಡೆಸಂದಿಯಲ್ಲಿ ಗಂಟು. ಕೂಡಲೇ ಇಡೀ ಚೈನಾಟೌನ್‌ಗೆ ಸುತ್ತ ಹಗ್ಗ ಕಟ್ಟಿದರು. ಬಂದರಿನ ಕ್ವಾರಂಟೈನ್ ಅಧಿಕಾರಿ ಜೋಸೆಫ್ ಕಿನ್ಯೂನ್ ಆ ಗಂಟಿನ ರಸವನ್ನು ಏಂಜಲ್ ಐಲೆಂಡ್‌ನ ಲ್ಯಾಬಿನಲ್ಲಿ ಇಲಿ, ಗಿನಿಪಿಗ್, ಒಂದು ಮಂಗಕ್ಕೆ ಚುಚ್ಚಿ ಕಾಯುತ್ತಾ ಕೂತರು. ಊರಿಗೆ ಅಷ್ಟು ತಾಳ್ಮೆ ಎಲ್ಲಿ? ಎರಡೇ ದಿನಕ್ಕೆ ಹಗ್ಗ ಬಿಚ್ಚಿದರು. ಮಾರ್ಚ್ 11ಕ್ಕೆ ಇಲಿ, ಗಿನಿಪಿಗ್‌ಗಳು ಸತ್ತವು. ಅದು ಪ್ಲೇಗೇ ಎಂದು ಖಚಿತವಾಯಿತು.

ಆದರೂ ಕ್ಯಾಲಿಫೋರ್ನಿಯಾದ ಗವರ್ನರ್ ಹೆನ್ರಿ ಗೇಜ್ ಪ್ಲೇಗೇ ಇಲ್ಲ ಎಂದು ಸಾಧಿಸಿದರು. ವ್ಯಾಪಾರ ಹಾಳಾಗುತ್ತದಲ್ವಾ! 1901ರಲ್ಲಿ ವರ್ಗವಾದದ್ದು ಕಿನ್ಯೂನ್‌ಗೆ. ಅದಕ್ಕೆ ಮೊದಲು ಚೈನಾಟೌನ್‌ಗೆ ಇನ್ನೊಮ್ಮೆ ದಿಗ್ಬಂಧನ ಹಾಕಿದಾಗ, ಅಂಚಿನಲ್ಲಿದ್ದ ಬಿಳಿಯರ ಅಂಗಡಿಗಳನ್ನು ಮಾತ್ರ ಹೊರಗೆ ಬಿಟ್ಟು ಗಡಿ ಎಳೆದಿದ್ದರು. ಇಲಿ ಏನು ಮಾಲೀಕನ ಬಣ್ಣ ಕೇಳಿ ಒಳಗೆ ಹೋಗುತ್ತದೆಯೇ? ಒಬ್ಬ ಚೀನೀ ದಿನಸಿ ಅಂಗಡಿಯವನು ಕೋರ್ಟಿಗೆ ಹೋದ. 1900ರ ಜೂನ್‌ನಲ್ಲಿ ನ್ಯಾಯಾಧೀಶ ಮಾರೋ ಆ ದಿಗ್ಬಂಧನವನ್ನು ರದ್ದು ಮಾಡಿದರು.

1906ರ ಭೂಕಂಪದಲ್ಲಿ ಊರು ನೆಲಸಮವಾಯಿತು. ಮರುವರ್ಷ ಪ್ಲೇಗ್ ಮತ್ತೆ ಬಂತು, ಈ ಸಲ ಹೆಚ್ಚಾಗಿ ಚೈನಾಟೌನ್‌ನ ಹೊರಗೆ. ಅಷ್ಟರಲ್ಲಿ ರೋಗ ಹರಡುವುದು ಇಲಿಯ ಚಿಗಟದಿಂದ ಎಂದು ನಮ್ಮ ಮುಂಬಯಿಯಲ್ಲಿ ಪ್ಲೇಗ್ ಆಯೋಗದವರು ಪರೀಕ್ಷೆ ಮಾಡಿ ತೋರಿಸಿದ್ದರು. ಇಲ್ಲಿ ಉಸ್ತುವಾರಿಗೆ ಬಂದ ಡಾಕ್ಟರ್ ರೂಪರ್ಟ್ ಬ್ಲೂ ಜನರನ್ನು ಕೂಡಿಹಾಕಲಿಲ್ಲ, ಇಲಿಗಳ ಬೆನ್ನು ಹತ್ತಿದರು. ಬೋನು, ಪಾಷಾಣ, ನೆಲಮಾಳಿಗೆಗೆ ಕಾಂಕ್ರೀಟು, ಕಸದ ಡಬ್ಬಕ್ಕೆ ಮುಚ್ಚಳ. ಹಿಡಿದ ಇಲಿಗಳನ್ನು ಫಿಲ್ಮೋರ್ ಬೀದಿಯ ಲ್ಯಾಬಿನಲ್ಲಿ ಕೊಯ್ದು ನೋಡುತ್ತಿದ್ದರು. ಯಾವ ಬೀದಿಯ ಇಲಿಯಲ್ಲಿ ರೋಗ ಸಿಕ್ಕಿತೋ ಅಲ್ಲಿಗೆ ಮೊದಲು ದಾಳಿ. ಹಿಂದೆ ಬಾಯಿ ಮುಚ್ಚಿಸಿದ್ದ ವ್ಯಾಪಾರಿಗಳೇ ಈಗ ಚಂದಾ ಎತ್ತಿ ದುಡ್ಡು ಕೊಟ್ಟರು. ನನಗೆ ಇಡೀ ಕಥೆಯಲ್ಲಿ ಜಾಸ್ತಿ ಆಶ್ಚರ್ಯ ಅನ್ನಿಸಿದ್ದು ಇದೇ.

ಪ್ಲೇಗ್ ಊರು ಬಿಟ್ಟಿತು, ಆದರೆ ಸೀಮೆ ಬಿಡಲಿಲ್ಲ. ಕಾಡಿನ ನೆಲ ಅಳಿಲುಗಳಿಗೆ ಅಂಟಿ, ಇವತ್ತಿಗೂ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಇದೆ. ಈಗ ಔಷಧಿ ಇದೆ, ಹೆದರಬೇಕಿಲ್ಲ. ಆದರೆ ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರು ಲೇಕ್ ಟಾಹೋ ಕಡೆ ಹೋದರೆ, ಪಾಪ ಎಂದು ಅಳಿಲಿಗೆ ಕಡಲೆಕಾಯಿ ಹಾಕಬೇಡಿ.