ನೆಕ್ಸ್ಟ್, ನೆಕ್ಸ್ಟ್, ಫಿನಿಶ್

ಆ ಭಾನುವಾರ ಬೆಳಗ್ಗೆ ಲ್ಯಾಪ್‌ಟಾಪ್ ತೆರೆದಾಗ ಪರದೆಯ ಬಲಮೂಲೆಯಲ್ಲಿ ಕೆಂಪು ಬಣ್ಣದ ಚೌಕವೊಂದು ಮೇಲೆದ್ದು ಬಂತು. 'ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಈಗಲೇ ತೆಗೆಯಿರಿ.' ಮುಚ್ಚಿದೆ. ಇನ್ನೊಂದು ಬಂತು. ಅದನ್ನು ಮುಚ್ಚುವಷ್ಟರಲ್ಲಿ ಮೂರನೆಯದು. ಬ್ರೌಸರ್ ತೆರೆದರೆ ನನ್ನ ಎಂದಿನ ಪುಟವೇ ಇಲ್ಲ. ಅದರ ಜಾಗದಲ್ಲಿ ಹೆಸರೇ ಕೇಳಿರದ ಒಂದು ಹುಡುಕುವ ಪುಟ. ಏನು ಹುಡುಕಿದರೂ ಮೊದಲ ಐದಾರು ಉತ್ತರಗಳು ಏನನ್ನೋ ಮಾರಲು ಹೊರಟವೇ.

"ಅಪ್ಪಾ, ಲ್ಯಾಪ್‌ಟಾಪಲ್ಲಿ ಏನು ಒತ್ತಿದ್ರಿ?"

ಆ ಪ್ರಶ್ನೆ ಕೇಳಿದ ದನಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮನೆಯಲ್ಲಿ ಆ ಲ್ಯಾಪ್‌ಟಾಪ್ ಮುಟ್ಟುವವರು ನಾವಿಬ್ಬರೇ. ಅಪ್ಪ ಬೆಳಗ್ಗೆ ಸುದ್ದಿ ಓದುತ್ತಾರೆ, ಆಮೇಲೆ ಒಂದೆರಡು ಆಟ ಇಸ್ಪೀಟು ಆಡುತ್ತಾರೆ. ಕಂಪ್ಯೂಟರ್ ಬಲ್ಲವಳು ಅಂತ ಹೆಸರಿರುವುದು ನನಗೆ. ಹಾಗಾಗಿ ತಪ್ಪು ಯಾರದ್ದು ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

"ನಾನೇನೂ ಮಾಡಿಲ್ಲ ಕಣೇ. ಮೂರ್ನಾಲ್ಕು ದಿನದಿಂದ ಹೀಗೇ ಬರ್ತಿದೆ. ನೀನೇ ಏನೋ ಹಾಕಿದೀಯ ಅಂದ್ಕೊಂಡೆ," ಅಂದರು.

ನಾನು ಹೂಂ ಅಂದೆ. ನಂಬಲಿಲ್ಲ.

ಮೊದಲು ಆ ಕೆಂಪು ಚೌಕಗಳ ಜಾಡು ಹಿಡಿದೆ. ಸರಿಯಾಗಿ ನೋಡಿದರೆ ಚೌಕದ ಕೆಳಗೆ ಸಣ್ಣ ಅಕ್ಷರದಲ್ಲಿ ಕ್ರೋಮ್ ಅಂತ ಇತ್ತು, ಪಕ್ಕದಲ್ಲಿ ಒಂದು ವಿಳಾಸ. ಅಂದರೆ ಇದು ವೈರಸ್ಸೂ ಅಲ್ಲ, ಕಂಪ್ಯೂಟರಿನ ಎಚ್ಚರಿಕೆಯೂ ಅಲ್ಲ. ಬ್ರೌಸರಿನ ನೋಟಿಫಿಕೇಶನ್, ಅಷ್ಟೇ. ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದರೆ ಯಾರಿಗೆಲ್ಲ ಒಪ್ಪಿಗೆ ಕೊಟ್ಟಿದ್ದೇವೆ ಅನ್ನುವ ಪಟ್ಟಿ ಇರುತ್ತದೆ. ಅಲ್ಲಿ ನಾಲ್ಕು ವಿಚಿತ್ರ ಹೆಸರುಗಳಿದ್ದವು. ನಾಲ್ಕನ್ನೂ ತೆಗೆದೆ. ಚೌಕ ನಿಂತಿತು.

"ಇದಕ್ಕೆಲ್ಲ ಅಲೋ ಒತ್ತಿದ್ದು ನೀವೇ ತಾನೆ?"

"ಹೌದು. ನೀವು ರೋಬೋ ಅಲ್ಲ ಅಂತ ತೋರಿಸೋಕೆ ಅಲೋ ಒತ್ತಿ ಅಂತ ಬಂದಿತ್ತು. ನಾನು ರೋಬೋ ಅಲ್ವಲ್ಲ, ಒತ್ತಿದೆ."

ಇದಕ್ಕೆ ಏನು ಹೇಳೋದು? ನಗು ಬಂತು, ಜೊತೆಗೆ ಗೆದ್ದ ಖುಷಿ. ಅರ್ಧ ಗಂಟೆ ಆ ಖುಷಿ ಇತ್ತು.

ಬ್ರೌಸರಿನ ಮೊದಲ ಪುಟವನ್ನು ಹಳೆಯದಕ್ಕೆ ಬದಲಿಸಿದೆ. ಮುಚ್ಚಿ ತೆರೆದರೆ ಮತ್ತೆ ಅದೇ ಅಪರಿಚಿತ ಪುಟ. ಎಕ್ಸ್‌ಟೆನ್ಷನ್‌ಗಳ, ಅಂದರೆ ಬ್ರೌಸರಿಗೆ ಜೋಡಿಸಿಕೊಳ್ಳುವ ಪುಟ್ಟ ಪ್ರೋಗ್ರಾಮುಗಳ ಪಟ್ಟಿ ನೋಡಿದರೆ 'ಸರ್ಚ್ ಸಹಾಯಕ' ಅನ್ನುವಂಥ ಒಂದು ಕೂತಿತ್ತು. ಉಳಿದ ಎಲ್ಲದರ ಕೆಳಗೂ ರಿಮೂವ್ ಗುಂಡಿ ಇದೆ, ಇದಕ್ಕೆ ಮಾತ್ರ ಇಲ್ಲ! ಮೆನುವಿನ ತುದಿಯಲ್ಲಿ 'ನಿಮ್ಮ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ' ಅನ್ನುವ ಅರ್ಥದ ಸಾಲು.

"ಯಾವ ಸಂಸ್ಥೆ?" ಅಂತ ಅಪ್ಪ ಬಗ್ಗಿ ನೋಡಿದರು. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಮನೆಯ ಲ್ಯಾಪ್‌ಟಾಪ್ ಅದು.

ದೊಡ್ಡ ಆಫೀಸುಗಳಲ್ಲಿ ನೂರಾರು ಕಂಪ್ಯೂಟರುಗಳ ಬ್ರೌಸರನ್ನು ಒಂದೇ ಕಡೆಯಿಂದ ಹಿಡಿತದಲ್ಲಿಡಲು ಪಾಲಿಸಿ ಅನ್ನುವ ವ್ಯವಸ್ಥೆ ಇದೆ. ಯಾವ ಎಕ್ಸ್‌ಟೆನ್ಷನ್ ಇರಲೇಬೇಕು, ಮೊದಲ ಪುಟ ಯಾವುದು, ಎಲ್ಲವನ್ನೂ ಮೇಲಿನವರು ನಿಗದಿ ಮಾಡಬಹುದು. ಕೆಲಸ ಮಾಡುವವರು ಬದಲಿಸುವಂತಿಲ್ಲ. ಅದೇ ಬೀಗವನ್ನು ಈ ಆಡ್‌ವೇರ್, ಅಂದರೆ ಜಾಹೀರಾತು ತೋರಿಸಲೆಂದೇ ಬಂದು ಕೂರುವ ಪ್ರೋಗ್ರಾಮ್, ತಂದು ನಮ್ಮ ಮನೆಗೆ ಹಾಕಿತ್ತು. ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಎರಡು ಸಾಲು ಬರೆದರೆ ಸಾಕು, ಕ್ರೋಮ್ ಅದನ್ನು ಮೇಲಿನವರ ಆಜ್ಞೆ ಅಂತ ನಂಬಿಬಿಡುತ್ತದೆ. ಮಾಡಿದವರ ಬುದ್ಧಿಗೆ ಒಂದು ಕ್ಷಣ ತಲೆದೂಗಿದೆ, ಸುಳ್ಳು ಹೇಳಲ್ಲ.

ಇಷ್ಟಾದ ಮೇಲೆ ಗೊತ್ತಾಯಿತು, ಇದು ನೋಟಿಫಿಕೇಶನ್ ಒತ್ತಿದ್ದರಿಂದ ಆದದ್ದಲ್ಲ. ರಿಜಿಸ್ಟ್ರಿಗೆ ಬರೆಯಬೇಕಾದರೆ ಯಾರೋ ಒಂದು ಪ್ರೋಗ್ರಾಮನ್ನು ಇನ್‌ಸ್ಟಾಲ್ ಮಾಡಿರಬೇಕು. ವಿಂಡೋಸಿನ ಆ್ಯಪ್‌ಗಳ ಪಟ್ಟಿ ತೆರೆದು, ಹೆಸರಿನ ಬದಲು ಇನ್‌ಸ್ಟಾಲ್ ಆದ ದಿನದ ಪ್ರಕಾರ ಜೋಡಿಸಿದೆ. ಮೇಲೆ ನಾಲ್ಕು ಹೆಸರು ಬಂದವು. ನಾಲ್ಕೂ ಒಂದೇ ದಿನದವು, ಹಿಂದಿನ ಬುಧವಾರದವು. ಒಂದು ಹವಾಮಾನ ತೋರಿಸುವ ಪಟ್ಟಿ. ಒಂದು ಕಂಪ್ಯೂಟರಿನ ವೇಗ ಹೆಚ್ಚಿಸುವ ಪ್ರೋಗ್ರಾಮ್. ಒಂದು ಆ ಸರ್ಚ್ ಸಹಾಯಕ. ನಾಲ್ಕನೆಯದು ಫೋಟೋಗಳನ್ನು ಪಿಡಿಎಫ್ ಮಾಡುವ ಪ್ರೋಗ್ರಾಮ್.

ಪಿಡಿಎಫ್.

ಡೌನ್‌ಲೋಡ್ಸ್ ಫೋಲ್ಡರಿಗೆ ಹೋಗಿ ಆ ಫೈಲಿನ ಸಮಯ ನೋಡಿದೆ. ಬುಧವಾರ ರಾತ್ರಿ 11:42. ಅಪ್ಪ ಒಂಬತ್ತೂವರೆಗೆಲ್ಲ ಮಲಗುವವರು.

ಎಲ್ಲ ನೆನಪಾಯಿತು. ಒಂದು ಅರ್ಜಿ ಕಳಿಸಲು ಮಧ್ಯರಾತ್ರಿ ಕೊನೆಯ ಗಡುವು. ಮೂರು ಪುಟ ಫೋಟೋ ತೆಗೆದಿದ್ದೆ, ಒಂದೇ ಪಿಡಿಎಫ್ ಬೇಕಿತ್ತು. ಹುಡುಕಿದೆ, ಮೊದಲು ಬಂದದ್ದನ್ನು ಒತ್ತಿದೆ. ಅದರ ತಲೆಯ ಮೇಲೆ ಸಣ್ಣಗೆ ಪ್ರಾಯೋಜಿತ, ಅಂದರೆ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು, ಅಂತ ಬರೆದಿತ್ತು, ಈಗ ಬ್ರೌಸರ್ ಹಿಸ್ಟರಿ ಹಿಡಿದು ಮತ್ತೆ ಹೋಗಿ ನೋಡಿದಾಗ ಕಂಡಿತು. ಪುಟದ ತುಂಬ ಹಸಿರು ಡೌನ್‌ಲೋಡ್ ಗುಂಡಿಗಳು. ಬಂದ ಫೈಲ್ ಕೂಡ ಆ ಪ್ರೋಗ್ರಾಮ್ ಅಲ್ಲ, ಅದನ್ನು ತಂದುಕೊಡುವ ಇನ್ನೊಂದು ಸಣ್ಣ ಪ್ರೋಗ್ರಾಮ್. ಅದು ಒಂದೊಂದೇ ಕಿಟಕಿ ತೆರೆಯಿತು, ನಾನು ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಓದಲಿಲ್ಲ. 'ಎಕ್ಸ್‌ಪ್ರೆಸ್, ಶಿಫಾರಸು ಮಾಡಿದ್ದು' ಅನ್ನುವುದಕ್ಕೆ ಮೊದಲೇ ಚುಕ್ಕೆ ಇಟ್ಟಿರುತ್ತಾರೆ. ಅದರ ಕೆಳಗಿನ 'ಕಸ್ಟಮ್' ಅನ್ನುವುದನ್ನು ಮಾಸಲು ಬೂದು ಬಣ್ಣದಲ್ಲಿ ಬರೆದಿರುತ್ತಾರೆ, ಒತ್ತಲು ಬರುವುದಿಲ್ಲವೇನೋ ಅನಿಸುವ ಹಾಗೆ. ಅದನ್ನು ಒತ್ತಿದರೇನೇ ಜೊತೆಗೆ ಬರುವವರ ಹೆಸರು, ಅವುಗಳ ಮುಂದಿನ ಟಿಕ್ ಕಾಣುವುದು. ನಿರಾಕರಿಸುವ ಗುಂಡಿಗೂ ಅದೇ ಬೂದು ಬಣ್ಣ.

ಯಾರೂ ನುಗ್ಗಿ ಬಂದಿರಲಿಲ್ಲ. ಪ್ರತಿಯೊಂದೂ ಕೇಳಿತ್ತು, ನಾನು ಪ್ರತಿಯೊಂದಕ್ಕೂ ಆಗಲಿ ಅಂದಿದ್ದೆ. ಈ ಜಾತಿಯ ಪ್ರೋಗ್ರಾಮುಗಳಿಗೆ ಸುರಕ್ಷತೆಯ ಕಂಪನಿಗಳು ಇಟ್ಟಿರುವ ಹೆಸರೂ ಹಾಗೇ ಇದೆ, 'ಬೇಡದೇ ಇರಬಹುದಾದ ತಂತ್ರಾಂಶ'. ಎಷ್ಟು ಮರ್ಯಾದೆ ನೋಡಿ! ಒಪ್ಪಿಗೆ ಪಡೆದು ಬಂದಿರುವುದರಿಂದ ನೇರವಾಗಿ ಬಯ್ಯುವ ಹಾಗಿಲ್ಲ.

ಗೊತ್ತಿಲ್ಲದ ತಾಣಕ್ಕೆ ಹೋಗಿದ್ದೇ ತಪ್ಪು ಅಂತ ಮೊದಲು ಅನಿಸಿತ್ತು. ಆದರೆ ಹೆಸರಾಂತರೂ ಇದೇ ಆಟ ಆಡಿದ್ದಾರೆ. ಜಾವಾ ಅನ್ನುವ ತಂತ್ರಾಂಶ ಹಾಕಿಕೊಳ್ಳುವಾಗ, ಬ್ರೌಸರಿನ ತಲೆಗೆ ಹುಡುಕುವ ಪಟ್ಟಿ ಅಂಟಿಸುವ ಆಸ್ಕ್ ಟೂಲ್‌ಬಾರ್‌ಗೆ ಮೊದಲೇ ಟಿಕ್ ಹಾಕಿರುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ಉಚಿತ ತಂತ್ರಾಂಶಗಳ ದೊಡ್ಡ ಕಣಜವಾಗಿದ್ದ ಸೋರ್ಸ್‌ಫೋರ್ಜ್ ಕೂಡ 2013ರಲ್ಲಿ ಇನ್‌ಸ್ಟಾಲರ್ ಜೊತೆ ಬೇರೆ ಪ್ರೋಗ್ರಾಮ್ ಕಟ್ಟಿಕೊಡುವ ಯೋಜನೆ ತಂದಿತ್ತು. ಅದನ್ನು ಕೈಬಿಟ್ಟಿದ್ದು ಒಡೆತನ ಬದಲಾದ ಮೇಲೆ, 2016ರಲ್ಲಿ. ಇನ್ನು 2014ರ ಕೊನೆಯಲ್ಲಿ ಮಾರಾಟವಾದ ಕೆಲವು ಲೆನೊವೊ ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಅನ್ನುವ ಆಡ್‌ವೇರ್ ಡಬ್ಬಿ ಬಿಚ್ಚುವ ಮೊದಲೇ ಒಳಗಿತ್ತು. ಅದು ಬೀಗದ ಗುರುತಿರುವ ಪುಟಗಳ ನಡುವೆಯೂ ಜಾಹೀರಾತು ತೂರಿಸಲು ಪುಟ ಅಸಲಿ ಅಂತ ಬ್ರೌಸರಿಗೆ ಸಾಕ್ಷಿ ಹೇಳುವ ಪ್ರಮಾಣಪತ್ರವನ್ನು ತನ್ನದೇ ಇಟ್ಟುಕೊಂಡಿತ್ತು. ಅಲ್ಲಿ ನೆಕ್ಸ್ಟ್ ಒತ್ತುವ ಕಷ್ಟವೂ ಇರಲಿಲ್ಲ. ಇದರ ಹಿಂದಿನ ಲೆಕ್ಕ ಸುಲಭ. ಒಂದು ಕಂಪ್ಯೂಟರಿಗೆ ತಮ್ಮ ಪ್ರೋಗ್ರಾಮ್ ಹೊಕ್ಕರೆ ಇಷ್ಟು ಅಂತ ದುಡ್ಡು ಕೊಡುವವರಿದ್ದಾರೆ. ಉಚಿತ ಅಂತ ಹಂಚುವವರಿಗೆ ಅದೇ ಸಂಪಾದನೆ.

ಇಷ್ಟೆಲ್ಲ ಯೋಚನೆ ಮಾಡುತ್ತಾ ಅಪ್ಪನ ಕಡೆ ನೋಡದೆ ಅನ್‌ಇನ್‌ಸ್ಟಾಲ್ ಮಾಡಲು ಕೂತೆ.

ಪಿಡಿಎಫ್‌ನದ್ದು ಸುಮ್ನೆ ಹೋಯಿತು. ಹವಾಮಾನದ್ದೂ ಹೋಯಿತು. ವೇಗದ ಪ್ರೋಗ್ರಾಮ್ ಮಾತ್ರ ಚೌಕಾಸಿಗೆ ಇಳಿಯಿತು. ಮೊದಲು '312 ದೋಷಗಳಿವೆ, ಹೀಗೇ ಬಿಟ್ಟು ಹೋಗುತ್ತೀರಾ' ಅಂತು. ಆಮೇಲೆ ಎರಡು ಗುಂಡಿ ತೋರಿಸಿತು. ದೊಡ್ಡದಾಗಿ ಹೊಳೆಯುತ್ತಿದ್ದದ್ದು 'ಇರಲಿ' ಅನ್ನುವುದು. ಮುಂದಿನ ಕಿಟಕಿಯಲ್ಲಿ ಗುಂಡಿಗಳ ಜಾಗ ಅದಲು ಬದಲು. ಹೋಗುವಾಗ ಇನ್ನೊಂದು ಪ್ರೋಗ್ರಾಮ್ ಹಾಕಿಕೊಳ್ಳಿ ಅಂತಲೂ ಕೇಳಿತು. ಈ ಸಲ ಒಂದೊಂದು ಅಕ್ಷರವನ್ನೂ ಓದಿದೆ.

ಉಳಿದ ಚೂರುಗಳನ್ನು ಹೆಕ್ಕಲು ಆಡ್‌ಕ್ಲೀನರ್ ಬಳಸೋಣ ಅಂದುಕೊಂಡೆ. ಮಾಲ್‌ವೇರ್‌ಬೈಟ್ಸ್ ಅನ್ನುವ ಸುರಕ್ಷತೆಯ ಕಂಪನಿಯವರು 2016ರಲ್ಲಿ ಕೊಂಡುಕೊಂಡ ಉಚಿತ ಪ್ರೋಗ್ರಾಮ್ ಅದು. ಇನ್‌ಸ್ಟಾಲ್ ಮಾಡುವುದೇ ಬೇಡ, ಫೈಲ್ ತೆರೆದರೆ ಸಾಕು. ಹುಡುಕುವ ಜಾಗದಲ್ಲಿ ಹೆಸರು ಟೈಪ್ ಮಾಡಿ ಮೊದಲ ಉತ್ತರದ ಮೇಲೆ ಬಾಣ ಒಯ್ದೆ. ಇನ್ನೇನು ಒತ್ತಬೇಕು, ನೋಡಿದರೆ ಮತ್ತೆ ಪ್ರಾಯೋಜಿತ! ಬುದ್ಧಿ ಬರುವುದು ಅಷ್ಟು ಬೇಗ ಅಲ್ಲ ಅಲ್ವಾ? ಫೋನಿನಲ್ಲಿ ಸರಿಯಾದ ವಿಳಾಸ ನೋಡಿಕೊಂಡು ಕೈಯಾರೆ ಟೈಪ್ ಮಾಡಿದೆ. ಅದು 19 ವಸ್ತು ಹಿಡಿದುಕೊಟ್ಟಿತು. ಪಾಲಿಸಿಯ ಸಾಲುಗಳನ್ನು ರಿಜಿಸ್ಟ್ರಿಗೆ ಹೋಗಿ ನಾನೇ ಅಳಿಸಿದೆ, ಮೊದಲು ಅದರ ಒಂದು ಪ್ರತಿ ತೆಗೆದಿಟ್ಟುಕೊಂಡು. ಆಫೀಸಿನವರು ಕೊಟ್ಟ ಕಂಪ್ಯೂಟರಾಗಿದ್ದರೆ ಅಲ್ಲಿಗೆ ಕೈ ಹಾಕುತ್ತಿರಲಿಲ್ಲ. ಅಲ್ಲಿ ನಿಜವಾಗಿಯೂ ಒಂದು ಸಂಸ್ಥೆ ಇರುತ್ತದೆ.

ರೀಸ್ಟಾರ್ಟ್ ಮಾಡಿದೆ. ಎಲ್ಲ ಶುದ್ಧ. ಊಟ ಮುಗಿಸಿ ಬಂದು ಬ್ರೌಸರ್ ತೆರೆದರೆ ಅದೇ ಪುಟ ಹಲ್ಲು ಕಿರಿಯುತ್ತಾ ನಿಂತಿತ್ತು.

ನಿಜವಾಗಿಯೂ ಅಳು ಬಂದದ್ದು ಆಗ. ಎಕ್ಸ್‌ಟೆನ್ಷನ್ ಇಲ್ಲ, ಪಾಲಿಸಿ ಇಲ್ಲ, ಪ್ರೋಗ್ರಾಮ್ ಇಲ್ಲ. ಮತ್ತೆ ಎಲ್ಲಿಂದ? ಡೆಸ್ಕ್‌ಟಾಪಿನಲ್ಲಿದ್ದ ಕ್ರೋಮ್ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದೆ. ಟಾರ್ಗೆಟ್ ಅನ್ನುವ ಸಾಲು ಪ್ರೋಗ್ರಾಮಿನ ಹೆಸರಿಗೆ ಮುಗಿಯಬೇಕು. ಇಲ್ಲಿ ಉದ್ಧರಣ ಚಿಹ್ನೆ ಮುಗಿದ ಮೇಲೂ ಮುಂದುವರಿದಿತ್ತು. ಒಂದು ಖಾಲಿ ಜಾಗ, ಆಮೇಲೆ ಆ ಪುಟದ ಪೂರ್ತಿ ವಿಳಾಸ. ಅಂದರೆ ನಾನು ಐಕಾನ್ ಒತ್ತಿದಾಗಲೆಲ್ಲ 'ಕ್ರೋಮ್ ತೆರೆ, ಈ ಪುಟಕ್ಕೆ ಹೋಗು' ಅಂತ ನಾನೇ ಹೇಳುತ್ತಿದ್ದೆ. ಅಳಿಸಿದೆ. ಕೆಳಗಿನ ಟಾಸ್ಕ್‌ಬಾರಿನಲ್ಲಿರುವ ಐಕಾನ್ ಬೇರೆಯದೇ ಶಾರ್ಟ್‌ಕಟ್ ಅನ್ನುವುದು ಹೊಳೆಯಲು ಇನ್ನೂ ಹದಿನೈದು ನಿಮಿಷ ಬೇಕಾಯಿತು. ಅದನ್ನು ಕಿತ್ತು ಹೊಸದಾಗಿ ಪಿನ್ ಮಾಡಿದೆ. ಹೊತ್ತು ಹೊತ್ತಿಗೆ ತಾನಾಗಿಯೇ ಕೆಲಸ ನಡೆಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ತೆರೆದಾಗ ಅಪ್‌ಡೇಟ್ ಅನ್ನುವ ಸಭ್ಯ ಹೆಸರಿನ ಒಂದು ಕೆಲಸ ಸಿಕ್ಕಿತು. ಗಂಟೆಗೊಮ್ಮೆ ಎದ್ದು, ಈಗ ಇಲ್ಲದ ಫೋಲ್ಡರಿನಿಂದ ಒಂದು ಸ್ಕ್ರಿಪ್ಟ್ ಓಡಿಸಲು ನೋಡುತ್ತಿತ್ತು. ಅದನ್ನೂ ಅಳಿಸಿದೆ.

ಕೊನೆಗೆ ವಿಂಡೋಸ್ ಸೆಕ್ಯುರಿಟಿಗೆ ಹೋದೆ. ಇಂಥ ಪ್ರೋಗ್ರಾಮುಗಳನ್ನು ಬಾಗಿಲಲ್ಲೇ ತಡೆಯುವ ಸ್ವಿಚ್ ಅಲ್ಲಿದೆ, ಆ್ಯಪ್ ಮತ್ತು ಬ್ರೌಸರ್ ಕಂಟ್ರೋಲ್ ಒಳಗೆ, ರೆಪ್ಯುಟೇಶನ್ ಅನ್ನುವ ಹೆಸರಿನಡಿ. ಮೈಕ್ರೋಸಾಫ್ಟ್ 2021ರಿಂದ ಅದನ್ನು ತಾನಾಗಿಯೇ ಆನ್ ಮಾಡುತ್ತಿದೆ. ನನ್ನದು ಆಫ್ ಆಗಿತ್ತು. ಎಂದೋ ಯಾವುದೋ ಪ್ರೋಗ್ರಾಮ್ ಹಾಕಲು ಅದು ಬಿಡಲಿಲ್ಲ ಅಂತ ಆಫ್ ಮಾಡಿದವಳೂ ನಾನೇ. ಆನ್ ಮಾಡಿದೆ. ಫೋನಿನಿಂದ ಮುಖ್ಯವಾದ ಪಾಸ್‌ವರ್ಡುಗಳನ್ನು ಬದಲಿಸಿದೆ.

ಹೊಟ್ಟೆ ಉರಿಸಿದ ವಿಷಯ ಇನ್ನೊಂದು ಬಾಕಿ ಇತ್ತು. ಮೂರು ಫೋಟೋ ಸೇರಿಸಿ ಒಂದು ಪಿಡಿಎಫ್ ಮಾಡಲು ಯಾವ ಪ್ರೋಗ್ರಾಮೂ ಬೇಕಿರಲಿಲ್ಲ. ಮೂರನ್ನೂ ಒಟ್ಟಿಗೆ ಆರಿಸಿ, ರೈಟ್ ಕ್ಲಿಕ್‌ನಲ್ಲಿ ಪ್ರಿಂಟ್ ಒತ್ತಿ, ಪ್ರಿಂಟರ್ ಜಾಗದಲ್ಲಿ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಆರಿಸಿದರೆ ಆಯಿತು. ವಿಂಡೋಸ್ 10 ಬಂದಾಗಿನಿಂದ ಅದು ಒಳಗೇ ಇದೆ. ಆಗಲೇ ಮಾಡಿ ನೋಡಿದೆ. ಅರ್ಧ ನಿಮಿಷ.

ಸಂಜೆ ಅಪ್ಪನ ಮುಂದೆ ಲ್ಯಾಪ್‌ಟಾಪ್ ಇಟ್ಟೆ. "ಸರಿ ಹೋಯ್ತು ಅಪ್ಪ. ಅದು... ನಾನೇ ಹಾಕಿದ್ದು. ಬುಧವಾರ ರಾತ್ರಿ. ಸುಮ್ನೆ ನಿಮ್ಮ ಮೇಲೆ ರೇಗಿದೆ."

"ಹೂಂ," ಅಂದರು. ಅವರ ಕಣ್ಣು ಪರದೆಯ ಮೂಲೆಯಲ್ಲಿ ಏನನ್ನೋ ಹುಡುಕುತ್ತಿತ್ತು.

"ಏನಾಯ್ತು?"

"ಇಲ್ಲೊಂದು ಮೋಡ, ಮಳೆ ಎಲ್ಲ ತೋರಿಸ್ತಿತ್ತಲ್ಲ, ಅದನ್ನೂ ತೆಗೆದ್ಯೇನೇ? ಅದೊಂದು ಚೆನ್ನಾಗಿತ್ತು ಕಣೇ."