ವಯಲ್‌ಗಳನ್ನು ಹೊರಗೆ ಬಿಟ್ಟವರು ಯಾರು?

"ದಿ ವಯಲ್ಸ್ ವರ್ ಲೆಫ್ಟ್ ಔಟ್‌ಸೈಡ್ ದಿ ರೆಫ್ರಿಜರೇಟರ್."

ಹೀಗೆ ಬರೆದಿಟ್ಟು ನಾನು ಊಟಕ್ಕೆ ಹೋದೆ. ಔಷಧ ಕಂಪನಿಯೊಂದರ ಕ್ಯೂಸಿ ಲ್ಯಾಬಿಗೆ, ಅಂದರೆ ಔಷಧದ ಗುಣಮಟ್ಟ ಪರೀಕ್ಷಿಸುವ ಲ್ಯಾಬಿಗೆ, ಸೇರಿ ಆಗ ಎಂಟು ತಿಂಗಳಾಗಿತ್ತು. ವಯಲ್ ಅಂದರೆ ಪುಟ್ಟ ಗಾಜಿನ ಬಾಟಲಿ. ಪರೀಕ್ಷೆಯಲ್ಲಿ ಹೋಲಿಸಿ ನೋಡಲು ಇಡುವ ಮಾದರಿ, ಅಂದರೆ ರೆಫರೆನ್ಸ್ ಸ್ಟ್ಯಾಂಡರ್ಡ್, ತುಂಬಿದ ಆ ವಯಲ್‌ಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಅವು ಇಡೀ ರಾತ್ರಿ ಬೆಂಚಿನ ಮೇಲೆ ಉಳಿದುಬಿಟ್ಟಿದ್ದವು. ಇಂಥದ್ದಾದರೆ ನಿಯಮ ಎಲ್ಲಿ ತಪ್ಪಿತು ಅಂತ ಹೇಳುವ ಡೀವಿಯೇಶನ್ ರಿಪೋರ್ಟ್ ಬರೆಯಲೇಬೇಕು. ಹಿಂದಿನ ಸಂಜೆ ತೂಕ ಮಾಡಿ, ಕ್ಯಾಬ್ ಬಂತು ಅಂತ ಅವಸರದಲ್ಲಿ ಅಲ್ಲೇ ಬಿಟ್ಟು ಓಡಿದವಳು ನಾನೇ. ಬೆಳಿಗ್ಗೆ ನೋಡಿದವಳೂ ನಾನೇ.

ನಾನು ಸುಳ್ಳೇನೂ ಬರೆದಿರಲಿಲ್ಲ. ಲ್ಯಾಬಿನ ಬರವಣಿಗೆ ಅಂದರೆ ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಅಂತ ಬಿಎಸ್ಸಿ ರೆಕಾರ್ಡ್ ಬುಕ್ ಕಾಲದಿಂದಲೂ ಕೈಗೆ ರೂಢಿ. ಆದರೆ ಅವತ್ತು ಆ ರೂಢಿ ನನಗೆ ಅನುಕೂಲವೂ ಆಗಿತ್ತು. ಬರೆಯುವಾಗಲೇ ಅದು ನನಗೆ ಗೊತ್ತಿತ್ತು.

ಊಟ ಮುಗಿಸಿ ಬಂದಾಗ ಬಾಗಿಲ ಹತ್ತಿರ ನಮ್ಮ ಲ್ಯಾಬ್ ಅಟೆಂಡರ್ ಅಣ್ಣ ನಿಂತಿದ್ದರು. ಸಂಜೆ ಗ್ಲಾಸ್‌ವೇರ್ ತೊಳೆದು ಬೆಂಚ್ ಒರೆಸುವವರು ಅವರು. "ಫ್ರಿಡ್ಜ್ ಬಾಗಿಲು ನಾನು ತೆಗೆಯೋದೇ ಇಲ್ಲ ಮೇಡಂ" ಅಂತ ಕ್ಯೂಎ, ಅಂದರೆ ಗುಣಮಟ್ಟ ಖಾತರಿ ವಿಭಾಗದ, ಮೇಡಂಗೆ ಹೇಳುತ್ತಿದ್ದರು. ರಿಪೋರ್ಟಿನಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಕೊನೆಗೆ ಆ ಬೆಂಚಿನ ಹತ್ತಿರ ಇದ್ದವರು ಯಾರು ಅಂತ ಹುಡುಕಿದ್ದಾರೆ. ನನ್ನ ಹೆಸರು ಇರಬೇಕಾದ ಜಾಗಕ್ಕೆ ಅಣ್ಣ ಬಂದು ನಿಂತಿದ್ದರು.

"ಮೇಡಂ, ಬಿಟ್ಟು ಹೋದವಳು ನಾನು" ಅಂದೆ.

ಅವರು ಬೈಯಲಿಲ್ಲ. ಆಲ್‌ಕೋವಾ ನೆನಪಿದೆಯಾ ಅಂತ ಕೇಳಿದರು. ಔಷಧ ಕಂಪನಿಗಳಲ್ಲಿ ದಾಖಲೆ ಹೇಗಿರಬೇಕು ಅನ್ನುವುದಕ್ಕೆ ಐದು ಅಕ್ಷರದ ಸೂತ್ರ ಅದು. ಮೊದಲ ಅಕ್ಷರ ಅಟ್ರಿಬ್ಯೂಟಬಲ್, ಅಂದರೆ ಯಾರು ಮಾಡಿದ್ದು ಅಂತ ಗೊತ್ತಾಗಬೇಕು. ಟ್ರೇನಿಂಗ್ ಪರೀಕ್ಷೆಯಲ್ಲಿ ಇದನ್ನು ಸರಿಯಾಗಿ ಬರೆದು ಪಾಸಾಗಿದ್ದೆ.

ನಮ್ಮ ದಾಖಲೆಯಲ್ಲಿ ಬರೆದದ್ದನ್ನು ಅಳಿಸುವ ಹಾಗಿಲ್ಲ. ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸಹಿ, ತಾರೀಖು ಹಾಕಬೇಕು. ಹಳೆಯ ವಾಕ್ಯ ಓದಲು ಸಿಗುವಂತೆಯೇ ಇರುತ್ತದೆ. ಅದರ ಮೇಲೆ ಬರೆದೆ: "ಐ ಲೆಫ್ಟ್ ದಿ ವಯಲ್ಸ್ ಆನ್ ದಿ ಬೆಂಚ್ ಆಫ್ಟರ್ ವೇಯಿಂಗ್." ಆ "ಐ" ಬರೆಯುವಾಗ ಕೈ ನಿಜಕ್ಕೂ ತಡೆಯಿತು.

ಹಾಗಂತ ಪ್ಯಾಸಿವ್ ತಪ್ಪು ಅಂತ ನಾನು ಹೇಳುವುದಿಲ್ಲ. ಅದೇ ದಿನದ ಟೆಸ್ಟ್ ಶೀಟಿನಲ್ಲಿ "ದಿ ಸೊಲ್ಯೂಷನ್ ವಾಸ್ ಫಿಲ್ಟರ್ಡ್" ಅಂತಿತ್ತು. ಅಲ್ಲಿ ಅದೇ ಸರಿ. ಓದುವವರಿಗೆ ಬೇಕಾದದ್ದು ಸೊಲ್ಯೂಷನ್ ಮತ್ತು 0.45 ಮೈಕ್ರಾನ್ ಫಿಲ್ಟರ್. ಮಾಡಿದವರ ಸಹಿ ಕೆಳಗೆ ಹೇಗೂ ಇರುತ್ತದೆ. ವಿಜ್ಞಾನ ಅಂದರೆ ಪ್ಯಾಸಿವ್ ಅನ್ನುವುದೂ ಪೂರ್ತಿ ನಿಜ ಅಲ್ಲ. ಡಿಎನ್‌ಎ ರಚನೆಯ ಬಗ್ಗೆ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಬರೆದ ಲೇಖನ ಶುರುವಾಗುವುದೇ "ವಿ ವಿಶ್ ಟು ಸಜೆಸ್ಟ್" ಅಂತ. ಇನ್ನೊಂದು ಕಡೆ, ಇರಾನಿಗೆ ಆಯುಧ ಮಾರಿದ ಹಗರಣದ ಬಗ್ಗೆ ಅಮೆರಿಕದ ಅಧ್ಯಕ್ಷ ರೇಗನ್ 1987ರ ಭಾಷಣದಲ್ಲಿ "ಸೀರಿಯಸ್ ಮಿಸ್ಟೇಕ್ಸ್ ವರ್ ಮೇಡ್" ಅಂದಿದ್ದರು. ತಪ್ಪು ಆಯಿತು, ಸರಿ. ಮಾಡಿದವರು ಯಾರು? ಈಗ ಆ ಮಾತು ಓದಿದರೆ ನನ್ನ ವಯಲ್‌ಗಳೇ ಕಣ್ಣ ಮುಂದೆ ಬರುತ್ತವೆ.

ಸಂಜೆ ಅಣ್ಣನನ್ನು ಹುಡುಕಿಕೊಂಡು ಹೋದೆ. ಸಿಂಕ್ ಮುಂದೆ ಬೀಕರ್ ತೊಳೆಯುತ್ತಿದ್ದರು. "ಸಾರಿ ಅಣ್ಣಾ, ಒಳಗಿಡೋದು ಮರೆತುಹೋಯ್ತು" ಅಂದೆ. ಅಂದ ಮೇಲೆ ನನಗೇ ಕಸಿವಿಸಿಯಾಯಿತು. ಕರ್ಮಣಿ ಪ್ರಯೋಗವನ್ನು ನಾವು ಶಾಲೆ ಬಿಟ್ಟ ಮೇಲೆ ಮಾತಿನಲ್ಲಿ ಅಷ್ಟಾಗಿ ಬಳಸುವುದಿಲ್ಲ. ಆದರೆ ಮರೆತುಹೋಯ್ತು, ಬಿದ್ದುಹೋಯ್ತು, ಒಡೆದುಹೋಯ್ತು ಎಲ್ಲ ಇವೆಯಲ್ವಾ? ಚಿಕ್ಕವಳಿದ್ದಾಗ ಲೋಟ ಒಡೆದುಹೋಯ್ತು ಅಂದರೆ ಅಮ್ಮ, "ತಾನಾಗೇ ಒಡೀತಾ?" ಅಂತ ಕೇಳುತ್ತಿದ್ದರು.

"ನಾನು ಮರೆತೆ ಅಣ್ಣಾ. ನಿಮ್ಮನ್ನು ಕೇಳುವ ಹಾಗೆ ಮಾಡಿದ್ದೂ ನಾನೇ" ಅಂದೆ.

ಅವರು ನಲ್ಲಿ ನಿಲ್ಲಿಸಿ ತಿರುಗಿದರು. "ಇರಲಿ ಬಿಡಮ್ಮಾ. ಕರೆದಾಗ ಎದೆ ಧಸಕ್ ಅಂತು, ಅಷ್ಟೆ" ಅಂದು ಇನ್ನೊಂದು ಬೀಕರ್ ಎತ್ತಿಕೊಂಡರು.